ಮೂರನೆಯ ಕೈ

ನಮ್ಮೂರಲ್ಲಿ ರಾತ್ರಿ ತಟ್ಟೆ ಹಾಕಿದವರು ಬಡಿಸುವ ಮೊದಲು ಒಂದು ಮಾತು ಕೇಳಲೇಬೇಕು: "ಎಲ್ಲ ಬಂದಿದ್ದೀರಾ?" ಕೂತವರು ತಂತಮ್ಮ ಕಿವಿ ಮುಟ್ಟಿಕೊಂಡು, ಕಣ್ಣು ಮಿಟುಕಿಸಿ, ಬೆರಳು ಮಡಚಿ ಬಿಚ್ಚಿ ನೋಡಿಕೊಂಡು "ಬಂದಿದ್ದೇವೆ" ಅನ್ನಬೇಕು. ಆಮೇಲೆ ಅನ್ನ. ಹಗಲಲ್ಲಿ ಹೇಗಾದರೂ ಇರಿ, ಯಾರೂ ಕೇಳುವುದಿಲ್ಲ. ಒಂದು ಕಣ್ಣನ್ನು ಒಲೆಯ ಪಕ್ಕದ ಗೂಡಿನಲ್ಲಿ ಹಾಲು ನೋಡಲು ಇಟ್ಟು, ಒಂದು ಕಿವಿಯನ್ನು ತೊಟ್ಟಿಲ ಹಗ್ಗಕ್ಕೆ ಸಿಕ್ಕಿಸಿ, ಎಡಗೈಯನ್ನು ರುಬ್ಬುವ ಕಲ್ಲಿನ ಹತ್ತಿರ ಬಿಟ್ಟು ಸಂತೆಗೆ ಹೋಗಿ ಬನ್ನಿ. ದೀಪ ಹಚ್ಚಿದ ಮೇಲೆ ಮಾತ್ರ ಎಲ್ಲವನ್ನೂ ಕೂಡಿಸಿಕೊಂಡು ಇಡಿಯಾಗಿ ಕೂರಬೇಕು.

ಇದರಿಂದ ಅನುಕೂಲ ಇದ್ದಷ್ಟೇ ಪೇಚಾಟವೂ ಇದೆ. ಶಾಲೆಯ ಕಿಟಕಿಯಲ್ಲಿ ತಾಯಂದಿರ ಕಿವಿಗಳು ಒಣಗಲು ಇಟ್ಟ ಸಂಡಿಗೆಯ ಹಾಗೆ ಸಾಲಾಗಿ ಕೂತಿರುತ್ತವೆ. ಮೇಷ್ಟ್ರು ಮಕ್ಕಳನ್ನು ಬೈಯಬೇಕಾದರೆ ಮೈದಾನದ ಆಚೆ ತುದಿಗೆ ಕರೆದುಕೊಂಡು ಹೋಗಿ ಬೈದು ಬರುತ್ತಾರೆ. ಪಕ್ಕದ ಮನೆಯ ಗೋಡೆಗೆ ಕಿವಿ ಇಡಕೂಡದು ಎಂದು ಪಂಚಾಯಿತಿಯವರು ಸಾರಿದ್ದು ನಮ್ಮಜ್ಜಿಯ ಕಾಲದಲ್ಲಿ. ಇಡುವವರು ಇವತ್ತಿಗೂ ಇಡುತ್ತಿದ್ದಾರೆ. ಗಂಡಸರು ಮಾತ್ರ ಹೀಗೆ ಬಿಟ್ಟುಬರುವುದು ಕಡಿಮೆ. ಬಿಟ್ಟರೂ ಎಲ್ಲಿ ಬಿಟ್ಟೆವೆಂದು ಹೆಂಡತಿಯನ್ನು ಕೇಳುತ್ತಾರೆ. ನನ್ನ ಗಂಡ ತಿರುಮಲೇಶ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಮದುವೆಯಾದ ಹೊಸತರಲ್ಲಿ ಅಂಗಡಿ ಕಾಯಲೆಂದು ಒಂದು ಕೈಯನ್ನು ಅಲ್ಲೇ ಬಿಟ್ಟು ಊಟಕ್ಕೆ ಬಂದರು. ಆ ಕೈ ಸ್ಟೂಲಿನ ಮೇಲೆ ಅಂಗಾತ ಬಿದ್ದು ನಿದ್ದೆ ಹೊಡೆಯಿತು. ಯಾರೋ ಗಾಳಿ ಪಂಪನ್ನೇ ಎತ್ತಿಕೊಂಡು ಹೋದರು. ಅವತ್ತಿನಿಂದ ಅವರು ತಮ್ಮದೆಲ್ಲವನ್ನೂ ಮೈಮೇಲೇ ಇಟ್ಟುಕೊಂಡು ಓಡಾಡುತ್ತಾರೆ. ನಾನು ಹೊಲಿಗೆಯವಳು. ನನ್ನ ಬಲಗೈ ಮಿಷನ್ನಿನ ಮೇಲೆ, ಒಂದು ಕಿವಿ ಶಾಲೆಯಲ್ಲಿ, ಉಳಿದದ್ದು ಅಡಿಗೆ ಮನೆಯಲ್ಲಿ. ಸಂಜೆ ಎಲ್ಲವೂ ಸೇರಿಕೊಂಡಾಗ ಒಂದೊಂದು ಅಂಗವೂ ತನ್ನ ತನ್ನ ದಣಿವನ್ನು ತಂದು ಮೈಗೆ ಸುರಿಯುತ್ತದೆ. ಇದು ಹೊಸ ಮಾತಲ್ಲ. ನಮ್ಮೂರಿನ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ.

ನಮ್ಮಮ್ಮ ಚೆಲುವಮ್ಮ ಮಾತ್ರ ಹೇಳಿದವಳಲ್ಲ. ಅವಳು ಹಪ್ಪಳ ಮಾಡಿ ಮಾರಿ ನನ್ನನ್ನು ಸಾಕಿದವಳು. ಅಪ್ಪ ದೋಣಿಯ ಕೆಲಸಕ್ಕೆ ಹೋದರೆ ಮಳೆಗಾಲ ಮುಗಿಯುವ ತನಕ ಬರುತ್ತಿರಲಿಲ್ಲ. ಒಂದು ವರ್ಷ ಬರಲೇ ಇಲ್ಲ. ಅಮ್ಮ ಊಟಕ್ಕೆ ಕೂರುವಾಗ ತಪ್ಪದೆ ತಲೆಯ ಮೇಲೆ ಸೆರಗು ಹೊದೆಯುತ್ತಿದ್ದಳು. ನಾನು ಚಿಕ್ಕ ದನಿಯಲ್ಲಿ "ಎಲ್ಲ ಬಂದಿದ್ದೀಯಾ?" ಅಂದರೆ, ಬಹುವಚನದಲ್ಲಿ "ಬಂದಿದ್ದೇವೆ, ಬಡಿಸು" ಅನ್ನುತ್ತಿದ್ದಳು. ಅದನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ.

ಅವಳನ್ನು ನಮ್ಮ ಮನೆಗೆ ಕರೆತಂದದ್ದು ನಿದ್ದೆ ಅವಳನ್ನು ಬಿಟ್ಟುಹೋದ ಮೇಲೆ. ಮುಂಚೆಯೂ ಅವಳದು ಕೋಳಿನಿದ್ದೆಯೇ. ಯುಗಾದಿಯ ಈಚೆಗೆ ಅದೂ ಇಲ್ಲವಾಯಿತು. ಹಗಲೂ ರಾತ್ರಿಯೂ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ನನ್ನ ಮಗಳನ್ನು ನನ್ನ ಹೆಸರಿನಿಂದ ಕರೆದಳು, ನಿಂತಲ್ಲೇ ತೂರಾಡಿ ಹೊಸಿಲ ಮೇಲೆ ಬಿದ್ದಳು. ಹಾಗಿದ್ದೂ ಸುಮ್ಮನೆ ಕೂರುವವಳಲ್ಲ. "ಮುದುಕಿ ಅಂತ ಮೂಲೆಗೆ ಹಾಕಬೇಡ. ಹಾಲಾದರೂ ನೋಡ್ಕೋತೀನಿ" ಎಂದು ಒಂದು ಕಣ್ಣನ್ನು ಗೂಡಿನಲ್ಲಿಟ್ಟು ಬಂದು ಮಲಗುತ್ತಿದ್ದಳು. ಅವಳು ಬಂದ ಮೇಲೆ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದದ್ದೇ ಇಲ್ಲ. ಉಕ್ಕುವ ಹೊತ್ತಿಗೆ ಸರಿಯಾಗಿ ನಡುಮನೆಯಿಂದ "ಬಂತು ಬಂತು" ಎಂದು ಕೂಗು ಬರುತ್ತಿತ್ತು.

ಒಂದು ಭಾನುವಾರ ಅವಳಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹುಯ್ಯುತ್ತಿದ್ದೆ. ಕೂದಲು ಎತ್ತಿದೆ. ಎಡಗಿವಿಯ ಜಾಗದಲ್ಲಿ ಕಿವಿ ಇರಲಿಲ್ಲ. ಇವತ್ತು ನಿನ್ನೆ ಬಿಟ್ಟು ಬಂದದ್ದಲ್ಲ ಅನ್ನುವುದು ನೋಡಿದರೆ ಗೊತ್ತಾಗುತ್ತಿತ್ತು. ಆ ಜಾಗ ಬಳಸಿ ಬಳಸಿ ನುಣುಪಾದ ಮಣೆಯ ಹಾಗಿತ್ತು.

"ಅಮ್ಮ, ಎಡಗಿವಿ ಎಲ್ಲಿ?"

"ಅಲ್ಲೇ ಇರಬೇಕು ನೋಡು."

"ಇಲ್ಲಮ್ಮ."

"ಎಲ್ಲೋ ಇಟ್ಟೆ ಕಣೇ, ಮರೆತುಹೋಗಿದೆ. ನೀರು ಆರ್ತಾ ಇದೆ, ಹುಯ್ಯಿ."

ಪಂಡಿತರು ಬಂದು ನಾಡಿ ಹಿಡಿದು, ಆ ನುಣುಪು ಜಾಗವನ್ನು ಬೆರಳಿಂದ ಸವರಿ ನೋಡಿ ನನ್ನನ್ನು ಹೊರಗೆ ಕರೆದರು. ಬಿಟ್ಟುಬಂದ ಕಿವಿ ಗದ್ದಲದಲ್ಲಿ ಎಚ್ಚರವಾಗಿ ಕೂತಿದ್ದರೆ ಒಡತಿಗೆ ಎಲ್ಲಿಯ ನಿದ್ದೆ ಅಂದರು. ತಮ್ಮ ಔಷಧಿ ಅಷ್ಟು ದೂರ ಹೋಗುವುದಿಲ್ಲ ಅಂದರು. ಹುಡುಕಿ ತಂದು ಕೂಡಿಸದಿದ್ದರೆ ಈ ಬೇಸಿಗೆ ದಾಟುವುದು ಕಷ್ಟ ಅನ್ನುವ ಮಾತನ್ನು ಅವರು ಮೆಟ್ಟಿಲು ಇಳಿಯುತ್ತಾ, ನನ್ನ ಮುಖ ನೋಡದೆ ಹೇಳಿದರು.

ಹುಡುಕಿದೆ. ಅಮ್ಮನನ್ನು ಕೇಳಿದರೆ ಮರೆತೆ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಏನು ಕೇಳಿಸುತ್ತದೆ ಎಂದು ಕೇಳಿದರೆ, ಏನೂ ಇಲ್ಲ, ಗಾಳಿ, ಅನ್ನುತ್ತಿದ್ದಳು. ಆದರೆ ಅವಳ ಕಾಲಿನ ಹೆಬ್ಬೆರಳು ಹೊದಿಕೆಯ ಕೆಳಗೆ ತಾಳ ಹಾಕುತ್ತಿರುವುದನ್ನು ನಾನು ನೋಡಿದ್ದೆ. ಆ ತಾಳ ಒಂದೇ ಸಮ, ನಿಲ್ಲದ್ದು. ದೇವಸ್ಥಾನದ ನಗಾರಿ ಇರಬಹುದೆಂದು ಅಲ್ಲಿ ಹೋಗಿ ಕಂಬಗಳ ಹಿಂದೆಲ್ಲ ನೋಡಿದೆ. ಹಳೇ ಮನೆಯ ಅಟ್ಟ, ಹಪ್ಪಳ ಹರವುತ್ತಿದ್ದ ತಾರಸಿ, ನಾನು ಮಲಗಿದ್ದ ತೊಟ್ಟಿಲು ಯಾವುದನ್ನೂ ಬಿಡಲಿಲ್ಲ. ತೊಟ್ಟಿಲಲ್ಲಿ ಈಗ ಯಾರೋ ಈರುಳ್ಳಿ ತುಂಬಿಟ್ಟಿದ್ದರು. ಬಾವಿಕಟ್ಟೆಯ ಸಂದಿಯಲ್ಲಿ ಒಂದು ಕಿರುಬೆರಳು ಸಿಕ್ಕಿತು. ಒಡತಿಯನ್ನು ಪತ್ತೆ ಮಾಡಿ ಕೊಟ್ಟುಬಂದೆ. ಆಯಮ್ಮ ಅದನ್ನು ಕಳೆದುಕೊಂಡದ್ದು ಮದುವೆಗೂ ಮುಂಚೆಯಂತೆ. ಇಷ್ಟು ದಿನ ಇಲ್ಲದೆಯೂ ನಡೆದುಹೋಯಿತಲ್ಲ ಎಂದು ನಕ್ಕು ಕಾಫಿ ಕೊಟ್ಟಳು. ನನಗೆ ನಗಲಾಗಲಿಲ್ಲ. ಮನೆಯಲ್ಲಿ ಅಮ್ಮ ದಿನದಿಂದ ದಿನಕ್ಕೆ ಒಗೆದ ಬಟ್ಟೆಯ ಹಾಗೆ ತೆಳ್ಳಗಾಗುತ್ತಿದ್ದಳು.

ಒಂದು ಚಿತ್ರ ನಮ್ಮೂರಿಗೆ ಬಂದದ್ದು ಆಗ. ನಾನು ಕೈಕೂಸಾಗಿದ್ದಾಗ ನಮ್ಮ ಮನೆಯ ಅಟ್ಟವನ್ನು ಬಾಡಿಗೆಗೆ ಹಿಡಿದು ಒಂದು ವರ್ಷ ಇದ್ದ ಶ್ರೀಪತಿ ಎನ್ನುವವರು ಹೊರಗಡೆ ದೊಡ್ಡ ಕಲಾವಿದರಾಗಿ ತೀರಿಕೊಂಡಿದ್ದರು. ಅವರು ಬರೆದ ಚಿತ್ರವೊಂದನ್ನು, ಅದನ್ನು ಬರೆದ ಊರಿಗೇ ಕೊಡಬೇಕೆಂದು ಹೇಳಿ ಹೋಗಿದ್ದರಂತೆ. ಅದನ್ನು ತಂದವಳು ವಸುಧಾ ಎನ್ನುವ ಹೊರಗಿನ ಹುಡುಗಿ. ಕಲೆಯ ಪಾಠ ಹೇಳುವವಳು, ಮೆತ್ತಗಿನ ಮಾತಿನವಳು. ನಮ್ಮೂರಿಗೆ ಬಂದ ಮೊದಲ ದಿನ ಶಾಲೆಯ ಕಿಟಕಿ ನೋಡಿ ಬೆವರಿದಳಂತೆ. ಎರಡನೇ ದಿನ ತನ್ನದೊಂದು ಕಿವಿಯನ್ನೂ ಎಳೆದು ನೋಡಿಕೊಂಡಳಂತೆ, ಬರಲಿಲ್ಲ.

ಚಿತ್ರವನ್ನು ವಾಚನಾಲಯದ ಗೋಡೆಗೆ ಹಾಕಿದರು. ಕೆಳಗೆ ಹೊರಗಿನವರು ಅಚ್ಚುಹಾಕಿಸಿದ ಒಂದು ಚೀಟಿ. ಒಡೆದುಹೋದ ಹೆಣ್ಣು ಎಂದು ಅದರಲ್ಲಿತ್ತು. ಕಾಲದ ಏಟಿಗೆ ಚೂರುಚೂರಾದ ಅವಳ ಮೌನ ಆಕ್ರಂದನ ಎಂದಿತ್ತು. ಚಿತ್ರದ ತುಂಬ ಅರಿಸಿನದ ಬಣ್ಣ. ಹಣೆ ಮಡಚಿದ ಕಾಗದದ ಹಾಗೆ ಎರಡು ಪಾಲು. ಒಂದು ಕಣ್ಣು ಮೇಲಿನ ಮೂಲೆಯಲ್ಲಿ, ಅದರ ಕೆಳಗೆ ಬಿಳಿಯ ಗುಪ್ಪೆ. ಇನ್ನೊಂದು ಕಣ್ಣು ಬಲತುದಿಯಲ್ಲಿ, ಉದ್ದನೆಯ ಕಪ್ಪು ಚೌಕಟ್ಟಿನ ಪಕ್ಕ. ಮೂಗು ಒಂದು ಕಡೆಗೆ ತಿರುಗಿದೆ, ಬಾಯಿ ನಮ್ಮ ಕಡೆಗೆ. ಒಂದೇ ಒಂದು ಕಿವಿ, ಅದೂ ಕೆಳಗೆ, ಬಾಗಿದ ಗೆರೆಯೊಂದರ ಹತ್ತಿರ. ಇನ್ನೊಂದು ಕಿವಿ ಇರಬೇಕಾದಲ್ಲಿ ಕೆಂಪು ಕಂದು ಬಣ್ಣದ ಒಂದು ಖಾಲಿ ತೇಪೆ. ಎಲ್ಲದರ ನಡುವೆ ಕೈಗಳು, ಒಂದು ಕೈಯ ಆಸರೆಯಲ್ಲಿ ಒಂದು ಮಗುವಿನ ಬೆನ್ನು.

ನೋಡಲು ಬಂದ ನಮ್ಮೂರ ಹೆಂಗಸರು ಚೀಟಿ ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಅಳುತ್ತಿದ್ದಾರೆ ಎಂದು ಒಬ್ಬಳು ಕೇಳಿದಳು. ಆಮೇಲೆ ಚಿತ್ರವನ್ನು ಓದತೊಡಗಿದರು. ಆ ಕಣ್ಣು ಹಾಲಿನ ಮೇಲಿದೆ ನೋಡು. ಈ ಕಣ್ಣು ಬೀದಿಬಾಗಿಲ ಮೇಲೆ, ಯಾರೋ ಬರಬೇಕು. ಕಿವಿ ತೊಟ್ಟಿಲಿಗೆ ಬಿಟ್ಟಿದ್ದಾಳೆ. ಈ ಕೈ ಹಿಟ್ಟು ನಾದುತ್ತಿದೆ; ಗಟ್ಟಿ ಹಿಟ್ಟು, ಉದ್ದಿನದು, ಗೆಣ್ಣು ಹೇಗೆ ಬೆಳ್ಳಗಾಗಿದೆ ನೋಡು. ಮುದುಕರೊಬ್ಬರು ಕನ್ನಡಕ ಏರಿಸಿ, ಇವಳ ಮನೆ ಗಂಡಸು ಚಿತ್ರದಲ್ಲಿ ಎಲ್ಲಿ ಎಂದು ಕೇಳಿದ್ದಕ್ಕೆ, "ತಟ್ಟೆ ಮುಂದೆ ಕೂತಿರಬೇಕು, ಆಚೆ ಕೋಣೆಯಲ್ಲಿ" ಎಂದು ಹಿಂದಿನಿಂದ ಉತ್ತರ ಬಂತು. ನಗು ನಿಂತ ಮೇಲೆ ಒಬ್ಬಳು, ಎಷ್ಟು ಕಡೆ ಇದ್ದಾಳಪ್ಪ ತಾಯಿ, ಅಂದಳು. ಅವಳು ಅಂದ ರೀತಿಗೆ ಎಲ್ಲರೂ ಇನ್ನೊಂದು ಸಲ ಮೊದಲಿನಿಂದ ನೋಡಿದರು. ವಸುಧಾ ಅವರ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳೇ ಮುಂದೆ ಹೋಗಿ ಚೀಟಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು.

ನಾನು ಆ ಹೊತ್ತಿಗೆ ಗಲ್ಲ ನೋಡಿದ್ದೆ. ಗಲ್ಲದ ಮೇಲೆ ಮೂರು ಹಸಿರು ಚುಕ್ಕೆಯ ಹಚ್ಚೆ. ಅಂಥದ್ದು ಊರಲ್ಲಿ ಇದ್ದದ್ದು ನಮ್ಮಮ್ಮನಿಗೆ ಒಬ್ಬಳಿಗೇ. ಎಡಗೈ ಹಿಡಿದುಕೊಂಡಿದ್ದ ಪುಟ್ಟ ಬೆನ್ನು ಯಾರದೆಂದು ಆಗ ತಿಳಿಯಿತು. ಆ ವರ್ಷ ನನಗೆ ಉಬ್ಬಸ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತಂತೆ; ಅಮ್ಮ ನನ್ನನ್ನು ನೆಟ್ಟಗೆ ಹೆಗಲಿಗೆ ಹಾಕಿಕೊಂಡೇ ವರ್ಷ ಕಳೆದಳೆಂದು ಕೇಳಿದ್ದೆ. ತೊಟ್ಟಿಲಲ್ಲಿ ಅರೆಗಳಿಗೆ ಇಟ್ಟರೆ ಕಿವಿಯನ್ನೂ ಜೊತೆಗೆ ಇಟ್ಟು ಹೋಗುತ್ತಿದ್ದಳು. ಕೇಳಿದ್ದು ಬೇರೆ, ನೋಡುವುದು ಬೇರೆ. ಆ ಕೈಯ ಬೆರಳುಗಳು ನನ್ನ ಬೆನ್ನನ್ನು ಹಿಡಿದಿರಲಿಲ್ಲ, ನನ್ನ ಉಸಿರನ್ನು ಒಂದೊಂದಾಗಿ ಎತ್ತಿ ಮೇಲಕ್ಕೆ ಇಡುತ್ತಿದ್ದವು. ಹಾಗೆ ಬರೆದಿದ್ದರು ಆ ಪುಣ್ಯಾತ್ಮರು.

ಚಿತ್ರದಲ್ಲೂ ಎಡಗಿವಿ ಇಲ್ಲ ಅನ್ನುವುದು ನನಗೆ ಅಂಟಿಕೊಂಡಿತು. ಅಂದರೆ ಆಗಲೇ ಅದನ್ನು ಎಲ್ಲೋ ಇಟ್ಟಿದ್ದಳು. ಎಲ್ಲಿ? ಮಾರನೇ ದಿನ, ಅದರ ಮಾರನೇ ದಿನ, ಮಿಷನ್ನು ಬಿಟ್ಟು ಹೋಗಿ ಚಿತ್ರದ ಮುಂದೆ ನಿಂತೆ. ಆ ಖಾಲಿ ತೇಪೆಯನ್ನೇ ನೋಡಿದೆ. ಇಟ್ಟಿಗೆಗೂಡು ಇರಬಹುದೇ, ಹಂಚಿನ ಮಾಡೇ, ಹುಣಸೆಹಣ್ಣಿನ ಮಂಡಿಯೇ ಎಂದು ಅಲ್ಲೆಲ್ಲ ಸುತ್ತಿ ಬಂದೆ. ವಸುಧಾಳಿಗೆ ವಿಷಯ ಹೇಳಿದ್ದೆ. ಅವಳು ಪಾಪ, ನಂಬಲು ಒಂದು ದಿನ ತೆಗೆದುಕೊಂಡಳು. ನಂಬಿದ ಮೇಲೆ ನನಗಿಂತ ಹೆಚ್ಚು ಹೊತ್ತು ಚಿತ್ರದ ಮುಂದೆ ಕೂತಳು.

"ಅಕ್ಕಾ, ಒಂದು ಮಾತು ಹೇಳಲಾ? ನೀವು ಬಂದಾಗಿನಿಂದ ಇಲ್ಲದ್ದನ್ನೇ ನೋಡ್ತಿದ್ದೀರಿ. ನಾನು ಹೆಚ್ಚಿಗೆ ಇರೋದನ್ನ ನೋಡ್ತಿದ್ದೀನಿ."

"ಹೆಚ್ಚಿಗೆ ಏನಿದೆ?"

"ಕೈ. ಮೂರು ಕೈ ಇದೆಯಲ್ಲ."

ಮೂರು ಕೈ ಇದ್ದದ್ದು ನಿಜ. ಎಡಗೈಯಲ್ಲಿ ನಾನು. ಒಂದು ಬಲಗೈ ಹಿಟ್ಟು ನಾದುತ್ತಿತ್ತು. ಕೆಳಗಡೆ ಇನ್ನೊಂದು ಬಲಗೈ ಲಟ್ಟಣಿಗೆ ಹಿಡಿದು ಹಪ್ಪಳ ಒತ್ತುತ್ತಿತ್ತು. ನಮ್ಮೂರಿನವರು ಅದನ್ನು ನೋಡಿಯೂ ನೋಡಿರಲಿಲ್ಲ. ಕಡಿಮೆ ಇರುವುದನ್ನು ಎಣಿಸಿಯೇ ನಮಗೆ ರೂಢಿ. ಒಬ್ಬಳಿಗೆ ಇರುವುದಕ್ಕಿಂತ ಹೆಚ್ಚು ಹೇಗಿರುತ್ತದೆ? ಚಿತ್ರದವರು ಏನೋ ಚಂದಕ್ಕೆ ಬರೆದಿರಬೇಕು ಎಂದು ದಾಟಿಕೊಂಡಿದ್ದೆವು. ವಸುಧಾಳ ಕಡೆಯವರು ಹೇಳುವುದು, ಒಂದೇ ಕೈಯನ್ನು ಎರಡು ಹೊತ್ತಿನಲ್ಲಿ ನೋಡಿ ಎರಡು ಸಲ ಬರೆದಿದ್ದಾರೆ ಅಂತ. ತಾನೂ ಅದನ್ನೇ ಪಾಠ ಮಾಡಿದ್ದೇನೆ ಅಂದಳು. "ಆದರೆ ನೀವೇ ನೋಡಿ. ಹೆಬ್ಬೆರಳು ಬೇರೆ. ಉಗುರು ಬೇರೆ. ಶ್ರೀಪತಿಯವರು ಕಾಣದ್ದನ್ನು ಬರೆದವರಲ್ಲ ಅಕ್ಕಾ. ಅದೊಂದು ನನಗೆ ಚೆನ್ನಾಗಿ ಗೊತ್ತು."

ಹತ್ತಿರ ಹೋಗಿ ನೋಡಿದೆ. ಮೂರನೆಯ ಕೈಯ ಹೆಬ್ಬೆರಳು ಚಪ್ಪಟೆ, ಏಟು ತಿಂದು ತಿಂದು ಅಗಲವಾದದ್ದು. ಉಗುರಿನ ಸಂದಿಯಲ್ಲಿ ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣ. ಊರವರನ್ನು ಕೇಳಿದೆವು. ಒಬ್ಬರು ಪಾಚಿ ಅಂದರು, ಒಬ್ಬರು ಮದರಂಗಿ ಸೊಪ್ಪು ಅರೆದ ಕೈ ಅಂದರು. ಬೇರೆಯವಳ ಕೈ ಇರಬಹುದೇ ಎಂದು ನಾನು ಬಾಯಿ ಬಿಟ್ಟು ಕೇಳಿದ್ದಕ್ಕೆ ಎಲ್ಲರೂ ನನ್ನನ್ನು ಒಂದು ಥರ ನೋಡಿದರು. ನಮ್ಮಲ್ಲಿ ಯಾರೂ ತಮ್ಮ ಅಂಗವನ್ನು ಇನ್ನೊಬ್ಬರ ಮನೆಯಲ್ಲಿ ದುಡಿಯಲು ಬಿಡುವುದಿಲ್ಲ. ಒಡಹುಟ್ಟಿದವರೂ ಬಿಡುವುದಿಲ್ಲ. ಎಲ್ಲರ ಮನೆಯಲ್ಲೂ ಎಲ್ಲವೂ ಸಾಲದೇ ಇರುವಾಗ ಯಾರು ಯಾರಿಗೆ ಕೊಟ್ಟಾರು?

ಆ ಒಗಟು ಬಿಡಿಸಿಕೊಂಡದ್ದು ಮನೆಯ ಬಚ್ಚಲಲ್ಲಿ. ಸಂಕ್ರಾಂತಿಯಿಂದ ಮುಟ್ಟದೆ ಇಟ್ಟಿದ್ದ ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಕಿಲುಬು ಬಿಟ್ಟುಕೊಂಡು ಹಸಿರು ನೀರು ಇಳಿಯಿತು. ಉಗುರಿನ ಸಂದಿ ನೋಡಿಕೊಂಡೆ. ಅದೇ ಬಣ್ಣ. ಬಿಂದಿಗೆಯ ತಿಕ್ಕಿದ ಮೈ ನೋಡಿದೆ. ಕಿವಿಯ ಜಾಗದಲ್ಲಿದ್ದ ಆ ಖಾಲಿ ತೇಪೆಯ ಕೆಂಪು ಕಂದು ಅದೇ. ಬಿಂದಿಗೆ ಬಿಟ್ಟು ನಡುಮನೆಗೆ ಬಂದೆ. ಅಮ್ಮನ ಹೆಬ್ಬೆರಳು ಹೊದಿಕೆಯ ಕೆಳಗೆ ಟಕ್ ಟಕ್ ಟಕ್ ಎಂದು ಅಲುಗುತ್ತಿತ್ತು. ಅದು ನಗಾರಿಯಲ್ಲ, ಸುತ್ತಿಗೆ.

"ಅಮ್ಮ, ಕಂಚುಗಾರ ಬೀದಿಯಲ್ಲಿ ನಿನಗೆ ಯಾರಾದರೂ ಗೊತ್ತಾ?" ಎಂದೆ.

ಹೆಬ್ಬೆರಳು ನಿಂತಿತು. "ಇಲ್ಲಪ್ಪ" ಅಂದಳು. ಅವಳು ಇಷ್ಟು ಬೇಗ ಉತ್ತರ ಕೊಟ್ಟು ವಾರಗಳಾಗಿತ್ತು.

ಅವಳನ್ನು ಗಂಡನ ಮೇಲೆ ಬಿಟ್ಟು, ಒಂದು ಒದ್ದೆ ಬಟ್ಟೆಯನ್ನು ಡಬ್ಬಿಯಲ್ಲಿ ಮಡಚಿಟ್ಟುಕೊಂಡು ಹೊರಟೆ. ಕಿವಿಯನ್ನು ದೂರ ಒಯ್ಯುವಾಗ ಒಣಗಬಾರದು. ಕಂಚುಗಾರ ಬೀದಿ ಇರುವುದು ಕಾಲುವೆಯ ಆಚೆ. ಯುಗಾದಿಯಲ್ಲಿ ಪಕ್ಕದೂರಿನ ಛತ್ರಕ್ಕೆ ದೊಡ್ಡ ದೊಡ್ಡ ಕೊಪ್ಪರಿಗೆಗಳನ್ನು ಮಾಡಿಕೊಡಲು ಒಪ್ಪಿಕೊಂಡಿದ್ದಾರೆಂದು ದಾರಿಯಲ್ಲೇ ಯಾರೋ ಹೇಳಿದರು. ಪಾಳಿಯ ಮೇಲೆ ಹಗಲೂ ರಾತ್ರಿ ಬಡಿಯುತ್ತಿದ್ದಾರೆ, ಆ ಬೀದಿಯ ಕಾಗೆಗಳೂ ಕಾಲುವೆ ದಾಟಿ ಈಚೆ ಬಂದುಬಿಟ್ಟಿವೆ ಅಂದರು. ಸೇತುವೆಯ ಮೇಲೆ ಕಾಲಿಟ್ಟಾಗ ಸದ್ದು ಅಂಗಾಲಿನಿಂದ ಹತ್ತಿತು. ಇದರೊಳಗೆ ನಮ್ಮಮ್ಮ ಹಾಸಿಗೆ ಹಾಸಿಕೊಂಡು ಮಲಗಿದ್ದಳು, ಇಷ್ಟು ವರ್ಷ.

ಕೊನೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಪಾತ್ರೆಯ ಕಂಠಕ್ಕೆ ಮರಳು ಉಜ್ಜುತ್ತಿದ್ದಳು. ಕರಿಮುಖ. ಆ ಮುಖದಲ್ಲಿ ಎಡಗಿವಿ ಒಂದು ಮಾತ್ರ ಗೋಧಿಬಣ್ಣ. ಅದಕ್ಕೆ ನಮ್ಮಮ್ಮನ ಹಳೇ ಬೆಂಡೋಲೆ. ಬಲಗೈಯ ಹೆಬ್ಬೆರಳು ಚಪ್ಪಟೆ. ನಾನು ಏನೂ ಕೇಳಬೇಕಾಗಿರಲಿಲ್ಲ. ಅವಳೂ ನನ್ನ ಗಲ್ಲ ನೋಡಿ, ಹಚ್ಚೆ ಇಲ್ಲದಿದ್ದರೂ ಗುರುತು ಹಿಡಿದಳು.

"ಚೆಲುವಿ ಮಗಳಲ್ವಾ ನೀನು? ಉಸಿರಾಡ್ತಿದ್ದೀಯಾ ಸರಿಯಾಗಿ?"

ಮೊದಲ ಸಲ ನೋಡಿದವರನ್ನು ಯಾರೂ ಹೀಗೆ ವಿಚಾರಿಸುವುದಿಲ್ಲ. ಉಸಿರಾಡುತ್ತಿದ್ದೇನೆ ದೊಡ್ಡಮ್ಮ, ಅಂದೆ. ಅವಳ ಹೆಸರು ಕಾಳಮ್ಮ. ಸಂತೆಯಲ್ಲಿ ಹಪ್ಪಳದ ಬುಟ್ಟಿ ಮತ್ತು ಪಾತ್ರೆಯ ಬುಟ್ಟಿ ಅಕ್ಕಪಕ್ಕ ಕೂತು ಇಬ್ಬರಿಗೂ ಸ್ನೇಹವಾಗಿತ್ತಂತೆ. ನನ್ನನ್ನು ಕೆಳಗಿಳಿಸಲಾಗದೆ ಅಮ್ಮ ಒಂದೇ ಕೈಯಲ್ಲಿ ಹಪ್ಪಳ ಒತ್ತಲು ಹೆಣಗುವುದನ್ನು ನೋಡಿ, ಕಾಳಮ್ಮ ಬೆಳಿಗ್ಗೆ ಬಂದು ತನ್ನ ಬಲಗೈ ಬಿಟ್ಟುಹೋಗಿ ಸಂಜೆ ತೆಗೆದುಕೊಂಡು ಹೋಗುತ್ತಿದ್ದಳು. ವರ್ಷವಿಡೀ. ಮನೆಯಲ್ಲಿ ಎಡಗೈಯಿಂದ ಕುಲುಮೆಗೆ ಗಾಳಿ ಊದುವ ತಿದಿ ಎಳೆದಳು, ಗಂಡನ ಬೈಗುಳ ತಿಂದಳು. ಅದನ್ನು ಅವಳು ಬಾವಿಯಿಂದ ಒಂದು ಕೊಡ ನೀರು ಸೇದಿ ಕೊಟ್ಟೆ ಅನ್ನುವ ಹಾಗೆ ಹೇಳಿದಳು. ಆ ವರ್ಷವೇ ಸುತ್ತಿಗೆಯ ಸದ್ದಿಗೆ ಅವಳ ಎರಡೂ ಕಿವಿ ಸತ್ತವು. ಅವಳ ದೊಡ್ಡ ಮಗ ಅಂಬೆಗಾಲಿಡುತ್ತಾ ಕುಲುಮೆಯ ಹತ್ತಿರ ಹೋಗಿ ಅಂಗೈ ಸುಟ್ಟುಕೊಂಡು ಕಿರುಚಿದ್ದು ಪಕ್ಕದಲ್ಲೇ ಇದ್ದ ಅವಳಿಗೆ ಕೇಳಿಸಲಿಲ್ಲ. ಮಾರನೇ ದಿನ ಕೈ ಬಿಟ್ಟುಹೋಗಲು ಬಂದಾಗ ನಮ್ಮಮ್ಮ ತನ್ನ ಕಿವಿ ತೆಗೆದು ಅವಳ ಉಡಿಗೆ ಹಾಕಿದಳು.

"ಕೊಟ್ಟ ಮೇಲೆ ಅದು ನಿಂದೇ, ನಂಗೇನೂ ಕೇಳ್ಸಲ್ಲ ಕಣೇ ಅಂದ್ಲು," ಎಂದಳು ಕಾಳಮ್ಮ. "ಮಗ ದೊಡ್ಡೋನಾದ ಮೇಲೆ ವಾಪಸ್ ತಗೊಂಡೋದ್ರೆ ಸಿಗ್ತಿರ್ಲಿಲ್ಲ. ನನ್ನ ಕಂಡ್ರೆ ಬೀದೀನೇ ಬದಲಾಯಿಸೋಳು. ಆಮೇಲೆ ನಂಗೂ ಆಸೆ ಬಂತು. ಮೊಮ್ಮಕ್ಕಳು ಮಾತಾಡೋದು ಕೇಳ್ತಿತ್ತಲ್ಲ. ನಾನೂ ತಪ್ಪಿಸ್ಕೊಂಡು ತಿರುಗಿದೆ."

"ಅವಳಿಗೆ ಕೇಳಿಸುತ್ತೆ ದೊಡ್ಡಮ್ಮ. ಎಲ್ಲಾ ಕೇಳಿಸುತ್ತೆ. ಯುಗಾದಿಯಿಂದ ಕಣ್ಣು ಮುಚ್ಚಿಲ್ಲ."

ಮರಳು ಉಜ್ಜುತ್ತಿದ್ದ ಕೈ ನಿಂತಿತು. ಸುತ್ತಿಗೆಗಳು ಹಿಂದೆ ಬಡಿಯುತ್ತಲೇ ಇದ್ದವು. ಆಮೇಲೆ ಕಳ್ಳಿ, ಅಂದಳು. ಬೈಗುಳವನ್ನು ಅಷ್ಟು ಅಕ್ಕರೆಯಿಂದ ಅಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಕಿವಿಗೆ ಕೈ ಹಾಕಿದಳು. ತಗೊಂಡೋಗು ಮಗಾ, ಅಂದಳು.

ಡಬ್ಬಿಯ ಮುಚ್ಚಳ ತೆಗೆದಿದ್ದೆ. ನಾನು ಬಂದದ್ದು ಅದಕ್ಕೇ, ಸುಳ್ಳು ಹೇಳುವುದಿಲ್ಲ. ಒಳಗಿನಿಂದ ಪುಟ್ಟ ಮಗುವೊಂದು ಅಜ್ಜಿಯನ್ನು ಕರೆಯಿತು, ಕಾಳಮ್ಮನ ತಲೆ ತಾನಾಗಿ ಅತ್ತ ತಿರುಗಿತು. ತಿರುಗಿದ್ದನ್ನು ನಾನು ನೋಡಿದೆ. ಈ ಕಿವಿಯನ್ನು ಕೊಂಡುಹೋಗಿ ಅಮ್ಮನಿಗೆ ಕೂಡಿಸಿದರೆ ಅವಳು ಏನು ಮಾಡುತ್ತಾಳೆ? ಒಂದು ನಿದ್ದೆ ಮಾಡಿ ಎದ್ದು, ಮುಖ ತೊಳೆದು, ಕಿವಿಯನ್ನು ತಾನೇ ಹಿಡಿದುಕೊಂಡು ಬಂದು ಈ ಜಗಲಿಯ ಮೇಲಿಟ್ಟು ಹೋಗುತ್ತಾಳೆ. ನನ್ನ ಜೊತೆ ಮಾತು ಬಿಡುತ್ತಾಳೆ. ನಾನು ಮುಚ್ಚಳ ಹಾಕಿದೆ. ಆಮೇಲೆ ನನ್ನ ಗಂಡ ಹೇಳಿದರು, ಸುಮಾರು ಆ ಹೊತ್ತಿಗೇ ಅಮ್ಮ ಹಾಸಿಗೆಯಲ್ಲಿ ಎದ್ದು ಕೂತು, ಅಳಿಯಂದಿರೇ, ಅವಳನ್ನು ಹಿಡಿದುಕೊಳ್ಳಿ, ಓಡಿಹೋಗಿ ಹಿಡಿದುಕೊಳ್ಳಿ ಎಂದು ಗೋಗರೆದಳಂತೆ. ಯಾರನ್ನು ಎಂದು ತಿಳಿಯದೆ ಇವರು ಬೀದಿಬಾಗಿಲು ಹಾಕಿ ಬಂದರಂತೆ.

"ಕಿವಿ ಅಲ್ಲೇ ಇರಲಿ ದೊಡ್ಡಮ್ಮ," ಎಂದೆ. "ಅವಳು ನಿದ್ದೆ ಮಾಡಬೇಕು, ಅಷ್ಟೇ."

ಕಾಳಮ್ಮ ನನ್ನನ್ನು ನೋಡಿದಳು. ಎದ್ದಳು. ಒಳಗೆ ಹೋಗಿ ಇಬ್ಬರು ಗಂಡುಮಕ್ಕಳಿಗೆ ಏನು ಹೇಳಿದಳೋ, ಹಿಂದಿನ ಸುತ್ತಿಗೆ ನಿಂತಿತು. ಬೀದಿಗೆ ಇಳಿದು ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು ಬಂದಳು. ಕೆಲವರು ಗೊಣಗಿದ್ದು ಕೇಳಿಸಿತು, ಛತ್ರದವರು ಬೈಯುತ್ತಾರೆ ಅಂದದ್ದೂ ಕೇಳಿಸಿತು. ಆದರೂ ಒಂದು ಮನೆ, ಇನ್ನೊಂದು ಮನೆ, ಸದ್ದು ಒಂದೊಂದಾಗಿ ಉದುರುತ್ತಾ ಬಂತು.

ಕೊನೆಯ ಸುತ್ತಿಗೆ ನಿಂತ ಮೇಲೆ ಆ ಬೀದಿಯಲ್ಲಿ ಕಾಲುವೆಯ ನೀರು ಹರಿಯುವ ಸದ್ದು ಇದೆ ಅನ್ನುವುದು ಅಲ್ಲಿಯವರಿಗೇ ಗೊತ್ತಾಯಿತು. ಕುಲುಮೆಯ ಗಂಡಸರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು ನಿಂತರು. ಕಾಳಮ್ಮ ಬಂದು ಜಗಲಿಯ ಮೇಲೆ ಕೂತು ಎಡಗೆನ್ನೆಯನ್ನು ನನ್ನ ಕಡೆಗೆ ತಿರುಗಿಸಿದಳು. ನಾನು ಬಗ್ಗಿದೆ. ಅಮ್ಮನ ಕಿವಿ ನನ್ನ ತುಟಿಯ ಹತ್ತಿರ ಇತ್ತು. ಹಾಲೆಯ ಮೇಲೆ ನಾನು ಹಸುಗೂಸಾಗಿ ಎಳೆದೆಳೆದು ಉದ್ದ ಮಾಡಿದ ತೂತು.

"ಅಮ್ಮ, ಎಲ್ಲ ಬಂದಿದ್ದೇವೆ," ಎಂದೆ. "ಇನ್ನು ಮಲಗು."

ಆಗ ಕಾಳಮ್ಮ ತನ್ನ ಬಲಗೈ ಎತ್ತಿ, ಆ ಚಪ್ಪಟೆ ಹೆಬ್ಬೆರಳಿನ, ಕಿಲುಬು ಹಿಡಿದ ಉಗುರಿನ ಕೈಯನ್ನು ಬಟ್ಟಲು ಮಾಡಿ ಕಿವಿಯ ಮೇಲೆ ಮುಚ್ಚಿದಳು. ಮೊಮ್ಮಗು ಹೊರಗೆ ಬಂದು ಸೀರೆ ಎಳೆಯಿತು. ಅವಳು ಇನ್ನೊಂದು ಕೈಯಿಂದ ಅದರ ತಲೆ ಸವರಿದಳೇ ಹೊರತು ಆ ಕೈ ತೆಗೆಯಲಿಲ್ಲ. ನಾನು ಎದ್ದು ಬರುವಾಗಲೂ ಹಾಗೇ ಕೂತಿದ್ದಳು.

ಈಗ ಕಂಚುಗಾರ ಬೀದಿಯಲ್ಲಿ ದೀಪ ಹಚ್ಚಿದ ಮೇಲೆ ಬಡಿಯುವುದಿಲ್ಲ. ಮಧ್ಯಾಹ್ನ ಊಟದ ಮೇಲೂ ಒಂದಿಷ್ಟು ಹೊತ್ತು ಸುತ್ತಿಗೆ ಕೆಳಗಿಡುತ್ತಾರೆ. ಕಾಳಮ್ಮನಿಗೆ ನಾನು ಹತ್ತಿ ತುಂಬಿ ಒಂದು ಕಿವಿಗವುಸು ಹೊಲಿದುಕೊಟ್ಟಿದ್ದೇನೆ. ಇದೆಲ್ಲ ಆಮೇಲಿನ ಮಾತು.

ಅವತ್ತು ನಾನು ಮನೆ ಸೇರುವ ಹೊತ್ತಿಗೆ ಬೀದಿಯ ತನಕ ಸೀದ ವಾಸನೆ ಬಂದಿತ್ತು. ಒಳಗೆ ನನ್ನ ಗಂಡ ಒಂದು ಕಾಲನ್ನು ಹೊಸಿಲ ಆಚೆ, ಒಂದು ಕಾಲನ್ನು ಈಚೆ ಇಟ್ಟು ಅಲುಗಾಡದೆ ನಿಂತಿದ್ದರು. ಬಾಯಿಯ ಮೇಲೆ ಬೆರಳು. ನಡುಮನೆಯಲ್ಲಿ ಅಮ್ಮ ಬಾಯಿ ತೆರೆದುಕೊಂಡು, ಗಂಟಲಲ್ಲಿ ಗರಗರ ಅನ್ನಿಸುತ್ತಾ, ಕೈಕಾಲು ಚೆಲ್ಲಿ ಮಲಗಿದ್ದಳು. ಹೆಬ್ಬೆರಳು ನಿಂತಿತ್ತು. ನಾನು ಸದ್ದಾಗದಂತೆ ಅಡಿಗೆ ಮನೆಗೆ ಹೋದೆ. ಹಾಲು ಉಕ್ಕಿ, ಒಲೆ ಆರಿಸಿ, ಕಟ್ಟೆಯಿಂದ ಇಳಿದು, ನೆಲದ ಮೇಲೆ ಬಾಗಿಲ ತನಕ ಹರಿದಿತ್ತು. ಗೂಡಿನಲ್ಲಿ ಅಮ್ಮನ ಕಣ್ಣು ರೆಪ್ಪೆ ಮುಚ್ಚಿಕೊಂಡಿತ್ತು.